ವಿದೇಶೀ ಬಾಳಸಂಗಾತಿಯುಳ್ಳವರಿಗೆ

ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ನಮ್ಮ ಜಾವಗಲ್ಲಿನಿಂದ ವಿದ್ಯೆಯನ್ನೋ ಉದ್ಯೋಗವನ್ನೋ ಅರಸಿ ಪರದೇಶಕ್ಕೆ ತೆರಳಿದ ಮಕ್ಕಳು, ಅಲ್ಲಿಯವರನ್ನೇ ವರಿಸಿ, ಊರಿಗೆ ಮರಳಿ ಸಂಸಾರ ಹೂಡಬಯಸುವುದಾದರೆ, ಲಗ್ನಕ್ಕೆ ತೋರುವ ಶ್ರದ್ಧೆಯನ್ನು ಅದರ ನೋಂದಣಿಗೂ ತೋರಬೇಕೆಂದು ನನ್ನ ವಿಜ್ಞಾಪನೆ. 1954ರ ವಿಶೇಷ ವಿವಾಹ ಕಾಯಿದೆಯನ್ವಯ ವಿವಾಹವಾಗಲು ಮುಂಚಿತವಾಗಿ ನೋಟೀಸು ಕೊಟ್ಟು 30 ದಿನ ಕಾಯಬೇಕು. ಸಂಗಾತಿಯ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೋ, ವಿವಾಹವು ನೋಂದಾಯಿತವಾಗಿ, ಅರ್ಜಿಗೆ ಮುನ್ನ 2 ವರ್ಷ ಅವಿಚ್ಛಿನ್ನವಾಗಿ ಮುಂದುವರಿದಿರಬೇಕು, ಭದ್ರತಾ ಪರಿಶೀಲನೆಯೂ ಮುಗಿಯಬೇಕು. ಪೌರತ್ವಕ್ಕಾದರೋ 7 ವರ್ಷಗಳ ವಾಸ ಅವಶ್ಯಕ. ಅಷ್ಟು ಕಾಲ ವೀಸಾದ ಅವಧಿಯನ್ನೆಣಿಸುತ್ತ ಬಾಳುವ ಸೊಸೆಯ ಕಳವಳವನ್ನು ನೆನೆದಾಗ ಈ ವಿಳಂಬವು ನಿಷ್ಕರುಣವೆಂದೇ ನನಗೆ ತೋರುತ್ತದೆ. ಆದ್ದರಿಂದ ನೋಂದಣಿಯನ್ನು ಮುಂದೂಡದಿರಿ. ದಾಖಲೆಗಳಲ್ಲಿ ಹೆಸರಿನ ಒಂದಕ್ಷರವೂ ವ್ಯತ್ಯಾಸವಾಗದಂತೆ ನೋಡಿಕೊಳ್ಳಿರಿ. ವೀಸಾ ಮುಗಿಯುವ ಮುನ್ನವೇ ವಿಸ್ತರಣೆಗೆ ಅರ್ಜಿ ಸಲ್ಲಿಸಿರಿ.