ವಾದ ಆಮೇಲೆ ಬಂತು

ಧಾರವಾಡದ ನಮ್ಮ ಸಭೆಯಲ್ಲಿ ಹಿರಿಯನಾಗಿ ಮನೆಭೇಟಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು. ಕ್ರಿಸ್ತನನ್ನು ಬಿಟ್ಟೆವೆಂದು ಬಾಯಿಬಿಟ್ಟು ಹೇಳಿದವರ ಮನೆಗೂ ಹೋಗಿದ್ದೇನೆ. ನಾನು ಕಂಡಂತೆ ಸಂಶಯದ ಕಾರಣಕ್ಕೆ ಸಭೆಯಿಂದ ದೂರ ಹೋದವರು ಕಡಿಮೆ. ಸಂಶಯದಲ್ಲಿ ನರಳುತ್ತಲೇ ಪ್ರಾರ್ಥನೆಗೆ ಬಂದು ಕೂರುವವರನ್ನು ಬಲ್ಲೆ. ಅವರ ಬಗ್ಗೆ ನನಗೆ ಚಿಂತೆಯಿಲ್ಲ.

ನನ್ನ ಜೊತೆಗೇ ದೃಢೀಕರಣ ಪಡೆದ ಗೆಳೆಯನೊಬ್ಬನಿದ್ದ. ಹೊಲದ ಪಾಲಿನ ವಿಷಯದಲ್ಲಿ ತಮ್ಮನೊಡನೆ ಜಗಳವಾಯಿತು. ತಮ್ಮ ತಪ್ಪೊಪ್ಪಿಕೊಂಡು ಬಂದರೂ ಇವನು ಮುಖ ಕೊಡಲಿಲ್ಲ. ಕರ್ತನ ಭೋಜನದ ಭಾನುವಾರ ಬಂದರೆ ಒಳಗೆ ಚುಚ್ಚುತ್ತದೆ ಎಂದು ಅವನೇ ನನಗೆ ಹೇಳಿದ್ದ. ಚುಚ್ಚುವುದು ಬೇಡವೆಂದು ಮೊದಲು ಆ ಭಾನುವಾರಗಳನ್ನು ತಪ್ಪಿಸಿದ. ಆಮೇಲೆ ಆರಾಧನೆಯನ್ನೇ ಬಿಟ್ಟ, ಮನೆಯ ಪ್ರಾರ್ಥನೆಯೂ ನಿಂತಿತು. ಪುನರುತ್ಥಾನ ಸುಳ್ಳು, ಸತ್ಯವೇದ ಕಟ್ಟುಕಥೆ ಎಂಬ ವಾದ ಹುಟ್ಟಿದ್ದು ಇದೆಲ್ಲ ಆದ ಮೇಲೆ. ಅವನು ಕೊಟ್ಟ ಪುಸ್ತಕಗಳನ್ನು ಓದಿದೆ, ತಿಳಿದಷ್ಟು ಉತ್ತರವನ್ನೂ ಕೊಟ್ಟೆ. ಅವನಿಗೆ ಉತ್ತರ ಬೇಕಾಗಿರಲಿಲ್ಲ. "ಈಗ ಏನೂ ಚುಚ್ಚಂಗಿಲ್ಲೋ, ಹಗುರಾಗೇನಿ" ಅಂದ. ಅವತ್ತು ನನಗೆ ನಿಜವಾಗಿ ಭಯವಾಯಿತು. ಸ್ಪರ್ಶ ಸತ್ತ ಬೆರಳಿಗೆ ಕೆಂಡ ತಾಗಿದರೂ ನೋವಾಗದು.

ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ, ಸತ್ಯ ತಿಳಿದ ಮೇಲೂ ಬೇಕೆಂದೇ ಪಾಪದಲ್ಲಿ ನಡೆಯುವವರಿಗೆ ಕಠೋರವಾದ ಎಚ್ಚರಿಕೆಯಿದೆ. ಅದು 26ನೇ ವಚನ. ಅದಕ್ಕೆ ಮೊದಲಿನದು ಸಭೆಯಾಗಿ ಕೂಡುವುದನ್ನು ಬಿಡಬೇಡಿರೆಂಬ ಬುದ್ಧಿಮಾತು. ಎರಡೂ ಯಾಕೆ ಒಂದರ ಬೆನ್ನಿಗೊಂದು ಬರುತ್ತವೆ ಎಂಬುದು ಆ ಗೆಳೆಯನನ್ನು ನೋಡಿದ ಮೇಲೆ ನನಗೆ ತಿಳಿಯಿತು.

ಅದೇ 26ನೇ ವಚನ ಓದಿ ನಡುಗುವವರೂ ಇದ್ದಾರೆ. "ನನಗಿನ್ನ ಕ್ಷಮಾ ಇಲ್ಲೇನ್ರಿ?" ಎಂದು ಅತ್ತವರನ್ನು ಕಂಡಿದ್ದೇನೆ. 1548ರಲ್ಲಿ ಇಟಲಿಯ ಫ್ರಾಂಚೆಸ್ಕೊ ಸ್ಪಿಯೆರಾ ಎಂಬ ವಕೀಲ ಧರ್ಮವಿಚಾರಣೆಗೆ ಹೆದರಿ ತಾನು ನಂಬಿದ್ದನ್ನು ಬಹಿರಂಗವಾಗಿ ಅಲ್ಲಗಳೆದ. ದೇವರು ತನ್ನನ್ನು ಕೈಬಿಟ್ಟನೆಂದುಕೊಂಡು, ಯಾರ ಸಮಾಧಾನಕ್ಕೂ ಒಪ್ಪದೆ ಹತಾಶೆಯಲ್ಲೇ ಸತ್ತ. ಅವನ ಕಥೆ ಹೇಳಿ ಜನರನ್ನು ಹೆದರಿಸುವುದು ನನಗೆ ಸೇರುವುದಿಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ರ ದಾರಿ ಸರಿಯೆನಿಸುತ್ತದೆ. ಸುಮಾರು ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೆಸಿಯಸ್‌ನ ಆಜ್ಞೆಗೆ ಅಂಜಿ ರೋಮಿನ ದೇವತೆಗಳಿಗೆ ಬಲಿಯರ್ಪಿಸಿದವರು, ಅರ್ಪಿಸಿದೆವೆಂದು ಸುಳ್ಳು ಪತ್ರ ಪಡೆದವರು ಅವರ ಸಭೆಯಲ್ಲಿ ಬಹಳ ಜನರಿದ್ದರು. ಸಿಪ್ರಿಯನ್ ಆ ಪಾಪವನ್ನು ಹಗುರ ಮಾಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಪಶ್ಚಾತ್ತಾಪಪಟ್ಟು ಕಾದವರನ್ನು ಮರಳಿ ಸೇರಿಸಿಕೊಳ್ಳುವ ಕ್ರಮ ಮಾಡಿದರು. ಪೇತ್ರನೂ ಮೂರು ಸಲ ಅಲ್ಲಗಳೆದು ತಿರುಗಿ ಬಂದವನೇ. ಮರಳಬೇಕೆಂದು ಅಳುತ್ತಿರುವಿರಲ್ಲ, ಆ ಅಳು ಪವಿತ್ರಾತ್ಮನ ಕೆಲಸ ಎಂದು ಹಾಗೆ ನಡುಗುವವರಿಗೆ ಹೇಳುತ್ತೇನೆ.

ಯಾರಾದರೂ ಕರ್ತನ ಭೋಜನ ತಪ್ಪಿಸತೊಡಗಿದರೆ ವಾದ ಹುಟ್ಟುವವರೆಗೆ ಈಗ ಕಾಯುವುದಿಲ್ಲ. ಅದೇ ವಾರ ಮನೆಗೆ ಹೋಗುತ್ತೇನೆ. ದೇವರ ವಿಷಯ ಎತ್ತುವ ಮೊದಲು, ಯಾರ ಜೊತೆ ಮಾತು ಬಿಟ್ಟಿದ್ದೀರಿ ಎಂದು ಕೇಳುತ್ತೇನೆ.