ಗೆದ್ದಲನ್ನು ಕೊಲ್ಲುವ ಬೂಷ್ಟು: ಅದರ ಗುಣವೂ ಮಿತಿಯೂ

(ಕೃಷಿ ಇನ್‌ಸ್ಪೆಕ್ಟರ್, ಎಲ್. ಏಜಿ.)

ಕಬ್ಬಿನ ಬಿತ್ತನೆ ತುಂಡು, ತೆಂಗಿನ ಸಸಿ, ಕಡಲೆಕಾಯಿ ಗಿಡ, ಮನೆಯ ತೊಲೆ ಇವುಗಳಿಗೆ ಗೆದ್ದಲಿನಿಂದುಂಟಾಗುವ ಹಾನಿಯನ್ನು ಗ್ರಾಮಮುಖ್ಯರಿಗೂ ಜಮೀನುದಾರರಿಗೂ ವಿವರಿಸಬೇಕಾದುದಿಲ್ಲ. ಆದರೆ ಗೆದ್ದಲಿಗೂ ರೋಗಗಳುಂಟೆಂಬುದನ್ನು ಬಲ್ಲವರು ವಿರಳ. ಅಂತಹ ರೋಗವನ್ನುಂಟುಮಾಡುವ ಬೂಷ್ಟಿನ ಪುಡಿಯು ಈಗ ಅಂಗಡಿಗಳಲ್ಲಿ ದೊರೆಯುತ್ತಿರುವುದರಿಂದ, ಹಣ ಕೊಟ್ಟು ಕೊಳ್ಳುವ ಮುನ್ನ ಅದರ ಸ್ವಭಾವವನ್ನರಿಯುವುದು ಲೇಸು.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಮುಂಗಾರಿನಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಗೆದ್ದಲಿನ ಶತ್ರುವಲ್ಲ. ಅದು ಗೆದ್ದಲಿನ ಬೇಸಾಯ. ಹುತ್ತದೊಳಗಿನ ತೂತುತೂತಾದ ಗೂಡುಗಳಲ್ಲಿ ಗೆದ್ದಲು ಅದನ್ನು ಸಾಕಿ ಆಹಾರಕ್ಕೆ ಬಳಸುತ್ತದೆ. ಈ ಜಾತಿಗೆ 1942ರಲ್ಲಿ ‘ಟರ್ಮಿಟೊಮೈಸಿಸ್’ ಎಂಬ ಹೆಸರಾಯಿತು.

ನಿಜವಾದ ಶತ್ರುಗಳಲ್ಲಿ ಮುಖ್ಯವಾದುದು ‘ಮೆಟಾರೈಜಿಯಮ್’ ಎಂಬ ಹಸಿರು ಬೂಷ್ಟು. ಇದನ್ನು ಮೆಚ್ನಿಕಾಫ್ ಎಂಬ ಶಾಸ್ತ್ರಜ್ಞರು ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಪ್ರಾಂತದಲ್ಲಿ ಗೋಧಿಯ ದುಂಬಿಗಳ ಮೇಲೆ ಪರೀಕ್ಷಿಸಿ 1879ರಲ್ಲಿ ವರ್ಣಿಸಿದರು. ಇದರ ಬೀಜಕಣವು ಹುಳುವಿನ ಮೈಗೆ ಅಂಟಿ, ತೇವವಿದ್ದರೆ ಮೊಳೆತು, ಚರ್ಮವನ್ನು ಕೊರೆದು ಒಳಹೊಗುತ್ತದೆ. ಒಳಗೆಲ್ಲ ಹರಡಿ ಕೆಲವು ದಿನಗಳಲ್ಲಿ ಹುಳುವನ್ನು ಕೊಲ್ಲುತ್ತದೆ. ಬಳಿಕ ಹೆಣದ ಮೇಲೆ ಬಿಳಿಯ ಬೂಷ್ಟು ಮೂಡಿ ಕ್ರಮೇಣ ಹಸಿರಾಗುತ್ತದೆ.

ಹಾಗಾದರೆ ಒಂದು ಹಿಡಿ ಪುಡಿಯಿಂದ ಹುತ್ತವೆಲ್ಲ ನಾಶವಾಗಬೇಡವೇ? ಆಗುವುದಿಲ್ಲ. ಗೆದ್ದಲುಗಳು ಪರಸ್ಪರ ಮೈ ನೆಕ್ಕಿ ಬೀಜಕಣಗಳನ್ನು ತೆಗೆಯುತ್ತವೆ. ಸತ್ತವನ್ನು ಮಣ್ಣಿನಿಂದ ಮುಚ್ಚುತ್ತವೆ. ಬೂಷ್ಟು ಬಿದ್ದ ಎಡೆಯನ್ನು ಬಿಟ್ಟು ಸರಿಯುತ್ತವೆ. ಅಮೆರಿಕದ ಮರಗೆದ್ದಲಿನ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂಟಿಯಾಗಿಟ್ಟ ಹುಳುಗಳಿಗಿಂತ ಗುಂಪಿನಲ್ಲಿದ್ದವು ಈ ರೋಗವನ್ನು ಹೆಚ್ಚಾಗಿ ತಾಳಿಕೊಂಡವು. ಗಾಜಿನ ಬಟ್ಟಲಿನಲ್ಲಿ ಗೆದ್ದ ಔಷಧವು ಹೊಲದಲ್ಲಿ ಸೋಲುವುದಕ್ಕೆ ಇದೊಂದು ಮುಖ್ಯ ಕಾರಣ.

ಆದುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಹುತ್ತವನ್ನು ಆಳವಾಗಿ ಅಗೆದು, ಗಟ್ಟಿ ಮಣ್ಣಿನ ಕೋಣೆಯಲ್ಲಿರುವ ಅರಸಿಯನ್ನು ತೆಗೆದು ಕೊಲ್ಲಬೇಕು. ಮೊಟ್ಟೆಯಿಡುವ ಅವಳು ಉಳಿದರೆ ಸತ್ತವುಗಳ ಸ್ಥಾನವು ಬೇಗನೆ ತುಂಬುತ್ತದೆ. ಬೂಷ್ಟು ಈ ಕೆಲಸಕ್ಕೆ ಸಹಾಯಕವೇ ಹೊರತು ಬದಲಲ್ಲ.

2. ಪುಡಿಯನ್ನು ಪೊಟ್ಟಣದ ಮೇಲೆ ನಮೂದಿಸಿದ ಪ್ರಮಾಣದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ಮಣ್ಣು ಹಸಿಯಾಗಿರುವಾಗ ಸಾಯಂಕಾಲ ಸೇರಿಸಬೇಕು. ಬಿಸಿಲಿಗೆ ಬೀಜಕಣಗಳು ಸಾಯುತ್ತವೆ.

3. ಅದರೊಡನೆ ಬೂಷ್ಟುನಾಶಕ ಔಷಧಗಳನ್ನು ಬೆರೆಸಬಾರದು. ಹಳೆಯ ಪುಡಿಯನ್ನೂ ಬಿಸಿಲಿಗಿಟ್ಟ ಪುಡಿಯನ್ನೂ ಕೊಳ್ಳಬಾರದು.

4. ರೇಷ್ಮೆ ಸಾಕುವವರು ಅತ್ಯಂತ ಎಚ್ಚರದಿಂದಿರಬೇಕು. ಗೆದ್ದಲಿಗೂ ತಗಲುವ ‘ಬ್ಯೂವೇರಿಯ’ ಎಂಬ ಬಿಳಿಯ ಬೂಷ್ಟೇ ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಕಾರಣ. ಆ ರೋಗವು ಬೂಷ್ಟಿನಿಂದ ಬರುವುದೆಂದು ಇಟಲಿಯ ಬಾಸಿಯವರು 1835ರಲ್ಲಿಯೇ ತೋರಿಸಿದರು. ಹಿಪ್ಪುನೇರಳೆ ತೋಟದಲ್ಲಾಗಲಿ ಸಾಕಣೆಮನೆಯ ಬಳಿಯಲ್ಲಾಗಲಿ ಇಂತಹ ಪುಡಿಗಳನ್ನು ಸರ್ವಥಾ ಉಪಯೋಗಿಸಕೂಡದು.

ಗೆದ್ದಲನ್ನು ನೀಗುವ ಆತುರದಲ್ಲಿ ನೆರೆಯವನ ರೇಷ್ಮೆಬೆಳೆ ಹಾಳಾದರೆ ಅದು ಊರಿಗೇ ನಷ್ಟ. ಗ್ರಾಮಮುಖ್ಯರು ಈ ಸಂಗತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಓದಿ ತಿಳಿಸುವರೆಂದು ನಂಬಲಾಗಿದೆ.