ಗರಡಿಮನಿಯ ಸೋಮವಾರಗಳು

1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇನ್ನೂ ಕೇಂದ್ರದ ಮಂತ್ರಿ. ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರು ಪ್ರಧಾನಿಯಾದರು. ಮರುವರ್ಷ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅಣೆಕಟ್ಟಿನ ಹತ್ತಿರದ ನಮ್ಮೂರು ನಿಡಗುಂದಿಯಲ್ಲಿ ಅವರ ಮಾತಿಗೆ ಮನೆಯ ಹಿರಿಯರ ಮಾತಿನಷ್ಟು ತೂಕವಿತ್ತು.

ನಮ್ಮ ಗರಡಿಮನಿ ಹುಡುಗರ ಸಂಘ ಆಗ ಮುರಿಯುವ ಹಂತದಲ್ಲಿತ್ತು. ಗಟ್ಟಿ ಪೈಲ್ವಾನರು ಮಿಲಿಟರಿ ಸೇರಿದ್ದರು, ಕೆಲವರು ಮುಂಬಯಿ ಗಿರಣಿಗೆ ಹೋಗಿದ್ದರು. ಕುಸ್ತಿ ಕಲಿಸುವ ವಸ್ತಾದರಿಗೆ ವಯಸ್ಸಾಗಿತ್ತು. ಉಳಿದವರು ನಾವು, ಮೀಸೆ ಮೂಡದ ಹುಡುಗರು.

ವಾರಕ್ಕೊಂದು ಹೊತ್ತು ಊಟ ಬಿಡಿ, ಸೋಮವಾರ ಸಂಜೆ ಒಲೆ ಹಚ್ಚಬೇಡಿ ಎಂದು ಶಾಸ್ತ್ರಿಯವರು ಕೇಳಿಕೊಂಡಿದ್ದರು. ಉಳಿದ ಜೋಳವನ್ನು ಕೂಡಿಸಿ ಮಾರಿ, ಹಣವನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕಳಿಸೋಣ ಎಂದರು ವಸ್ತಾದರು. ಚೀಲ ಹಿಡಿದು ಮನೆಮನೆಗೆ ಹೊರಟಾಗ ಮೊದಲ ಮನೆಯ ಅಜ್ಜಿ ಮೊರ ಹಿಡಿದೇ ಹೊರಗೆ ಬಂದಳು. “ಸೋಮವಾರ ಬಸವಣ್ಣನ ವಾರ, ನಾವು ಮೊದಲೇ ಒಪ್ಪತ್ತು ಇರತೀವಿ ತಮ್ಮಾ. ಶಾಸ್ತ್ರಿಯವರು ಹೊಸದೇನ ಹೇಳ್ಯಾರ? ಚೀಲ ಹಿಡಿ.”

ಚೀಲ ಹೊರಲು ಪ್ರತಿ ಓಣಿಯಲ್ಲೂ ಹುಡುಗರು ಬೇಕಾದರು. ಅದುವರೆಗೆ ನಾಲ್ಕಾರು ಮನೆತನದವರಷ್ಟೇ ಗರಡಿಯ ಮಣ್ಣಿಗೆ ಇಳಿಯುತ್ತಿದ್ದರು. ಜೋಳ ಹೊತ್ತು ತಂದವನನ್ನು ಹೊಸ್ತಿಲಾಚೆ ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಎಲ್ಲ ಕೇರಿಯವರೂ ಒಳಗೆ ಬಂದರು. ನಮ್ಮ ಸಂಘ ಬೆಳೆದದ್ದು ಹೀಗೆ, ಇದರಷ್ಟು ದೊಡ್ಡ ಗಳಿಕೆ ನಮಗೆ ಮತ್ತೆ ಆಗಲಿಲ್ಲ.

ಲೆಕ್ಕ ಗೋಡೆಯ ಮೇಲಿತ್ತು. ಯಾವ ಓಣಿಯಿಂದ ಎಷ್ಟು ಸೇರು ಎಂದು ಸೀಮೆಸುಣ್ಣದಲ್ಲಿ ಬರೆದು, ಮಂಗಳವಾರ ಹನುಮಪ್ಪನ ಗುಡಿಯ ಮುಂದೆ ಓದುತ್ತಿದ್ದೆವು. ಓದುವ ಪಾಳಿ ಪ್ರತಿ ವಾರ ಬೇರೆಯವನದು. ಮನಿ ಆರ್ಡರಿನ ರಸೀದಿಯನ್ನೂ ಅಲ್ಲೇ ಅಂಟಿಸುತ್ತಿದ್ದೆವು. ಯಾರೂ ನಮ್ಮನ್ನು ಅನುಮಾನಿಸಲಿಲ್ಲ.

ಸೆಪ್ಟೆಂಬರ್ 23ಕ್ಕೆ ಕದನವಿರಾಮವಾಯಿತು. ಆ ವರ್ಷ ದೇಶದ ತುಂಬ ಮಳೆ ಕೈಕೊಟ್ಟಿದ್ದರಿಂದ ನಾವು ಚೀಲ ಕೆಳಗಿಡಲಿಲ್ಲ, ಕೂಡಿದ ಜೋಳ ಊರಿನ ಬಡವರ ಮನೆ ಸೇರಿತು. 1966ರ ಜನವರಿ 11ರಂದು ತಾಷ್ಕೆಂಟಿನಿಂದ ಶಾಸ್ತ್ರಿಯವರ ಸಾವಿನ ಸುದ್ದಿ ಬಂತು. ವಸ್ತಾದರು ಅಂದು ಗರಡಿ ತೆರೆಯಲಿಲ್ಲ. ಮುಂದಿನ ಸೋಮವಾರ ಯಾರೂ ಹೇಳದೆಯೇ ಹುಡುಗರು ಓಣಿಗಳಿಗೆ ಹೊರಟರು.

ಈಗ ಆಲಮಟ್ಟಿ ಜಲಾಶಯಕ್ಕೆ ಶಾಸ್ತ್ರಿಯವರದೇ ಹೆಸರು, ನಿಡಗುಂದಿ ತಾಲ್ಲೂಕು ಕೇಂದ್ರ. ಊರೂರಿಗೆ ಯುವಕ ಸಂಘಗಳಿವೆ. ಅವನ್ನು ನಡೆಸುವ ತಮ್ಮಂದಿರಲ್ಲಿ ಒಂದೇ ಕೇಳಿಕೆ: ಹೊಸಬ ಬಂದ ವಾರವೇ ಅವನ ಕೈಗೊಂದು ಕೆಲಸ ಕೊಡಿ, ಸಂಘದ ಲೆಕ್ಕವನ್ನು ಊರ ಮುಂದೆ ಓದಿ.